ಖಾಂದಾನಿ ಗಿಟಾರಿನವ

ನನ್ನ ತಮ್ಮ ಮಾಡಿದ ಮೂರ್ಖ ಕೆಲಸಗಳನ್ನೆಲ್ಲ ಬರೆಯುತ್ತ ಕೂತರೆ ನನಗೆ ಬೇರೆ ಏನನ್ನೂ ಬರೆಯಲು ಪುರುಸೊತ್ತು ಸಿಗುವುದಿಲ್ಲ. ಅದಕ್ಕೆ ಒಂದನ್ನೇ ಆರಿಸಿಕೊಂಡಿದ್ದೇನೆ. ಅವನು ಫ್ರಾನ್ಸಿನಿಂದ ಒಬ್ಬ ಗಿಟಾರು ಮಾಡುವವನನ್ನು ಬೀದರಿಗೆ ಕರೆಸಿದ.

ತಮ್ಮನದು ಹಳೇ ಬಸ್‌ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಅಂಗಡಿ. ಹಾರ್ಮೋನಿಯಂನ ಗಾಳಿಪೆಟ್ಟಿಗೆಗೆ ತೇಪೆ ಹಾಕುವುದು, ತಬಲಾ ಬಿಗಿಯುವುದು, ಚರ್ಚಿನ ಹುಡುಗರಿಗೆ ಅಗ್ಗದ ಗಿಟಾರು ಮಾರುವುದು ಅವನ ಕಸುಬು. ಹಿಂದೆಯೇ ಮನೆ. ಅಲ್ಲಿ ಎಂಬತ್ತು ದಾಟಿದ ಅಪ್ಪ, ನಾನು, ತಮ್ಮನ ಸಂಸಾರ. ಭಾನುವಾರ ಚರ್ಚಿನಲ್ಲಿ ಗಿಟಾರು ಬಾರಿಸಿ, ಉಳಿದ ದಿನ ಅದರ ವಿಡಿಯೋವನ್ನು ಲೋಕಕ್ಕೆಲ್ಲ ಹಂಚುವುದು ತಮ್ಮನ ಚಟ. ಹಾಗೆ ಹಂಚಿದ ಒಂದು ವಿಡಿಯೋದ ಕೆಳಗೆ ಈ ಫ್ರೆಂಚಿನವ ಏನೋ ಬರೆದ, ಇವನು ಉತ್ತರ ಬರೆದ, ನಿಮ್ಮೂರಲ್ಲಿ ಕುರಿ ಇವೆಯೇ ಎಂದು ಅವನು ಕೇಳಿದ. ಔರಾದ ತಾಲೂಕಿನಲ್ಲಿ ಮನುಷ್ಯರಿಗಿಂತ ಕುರಿಯೇ ಹೆಚ್ಚು ಎಂದು ತಮ್ಮ ಉತ್ತರಿಸಿದ. ಒಂದು ಚಳಿಗಾಲದಲ್ಲಿ ಆ ಮನುಷ್ಯ ನಿಜವಾಗಿಯೂ ಬಂದಿಳಿದ.

ಭಾಲ್ಕಿಯ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸಿ ಆಗಷ್ಟೇ ನಿವೃತ್ತಳಾಗಿದ್ದ ನಾನು ಪುಕ್ಕಟೆ ದುಭಾಷಿ. ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟು ಬಾಯಿ ಒಣಗಿಸಿಕೊಂಡದ್ದು ಸಾಲದು ಎಂಬಂತೆ, ಇನ್ನು ಈ ಗಡ್ಡದವನ ಹಿಂದೆ ಅಲೆಯಬೇಕಾಯಿತು.

ಅವನು ಮಾಡುತ್ತಿದ್ದದ್ದು ಈಗಿನ ಗಿಟಾರಲ್ಲ. ಶತಮಾನಗಳ ಹಿಂದೆ ಅವರ ರಾಜಮಹಾರಾಜರ ಅರಮನೆಗಳಲ್ಲಿ ನುಡಿಸುತ್ತಿದ್ದಂಥದು. ಸೊಂಟ ಸಣ್ಣ, ಮೈ ಸಣ್ಣ, ಐದು ಜೊತೆ ತಂತಿ. ಬೆನ್ನಿಗೆ ಕಪ್ಪು ಮರ ಮತ್ತು ಬಿಳಿ ಎಲುಬಿನ ಪಟ್ಟೆ. ದನಿ ಹೊರಡುವ ಬಾಯಿಗೆ ತೆಳು ಚರ್ಮವನ್ನು ಕತ್ತರಿಸಿ ಪದರ ಪದರವಾಗಿ ಕೂರಿಸಿದ ಹೂವು. ನೋಡಲು ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಅದನ್ನು ಅವನು ಹಸುಗೂಸನ್ನು ಬಟ್ಟೆಯಿಂದ ತೆಗೆದಂತೆ ಪೆಟ್ಟಿಗೆಯಿಂದ ತೆಗೆದಾಗ ನನ್ನ ತಮ್ಮ ಎರಡೂ ಕೈ ಜೋಡಿಸಿ ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ, ಆರನೆಯ ಜೊತೆ ತಂತಿ ದಾರಿಯಲ್ಲಿ ಬಿದ್ದುಹೋಗಿರಬೇಕು, ಅಂಗಡಿಯಲ್ಲಿ ಉಕ್ಕಿನದು ಇದೆ, ಹಾಕಿಕೊಡಲೇ ಎಂದು ಕೇಳಿದ. ನಾನು ಅದನ್ನು ಅನುವಾದ ಮಾಡಲಿಲ್ಲ. ತುಂಬ ಚೆಂದ ಇದೆ ಅಂತಾನೆ ಎಂದೆ.

ತಂತಿಯದೇ ಅವನ ಚಿಂತೆ. ಆ ಗಿಟಾರಿಗೆ ಉಕ್ಕು ಹಾಕಿದರೆ ಮೈ ಬಿರಿಯುತ್ತದಂತೆ, ಕುರಿಯ ಕರುಳಿನ ತಂತಿಯೇ ಆಗಬೇಕು. ಅವನಿಗೆ ತಂತಿ ಮಾಡಿಕೊಡುತ್ತಿದ್ದ ಮನೆತನ ಬಾಗಿಲು ಹಾಕಿತ್ತು. ಅಲ್ಲಿನ ಮಕ್ಕಳು ಹಲ್ಲಿನ ಡಾಕ್ಟರಾದರು ಎಂದು ಹೇಳುವಾಗ, ಮಕ್ಕಳು ಜೈಲಿಗೆ ಹೋದರು ಎಂಬಂತೆ ಅವನ ಮುಖ ಸೊಟ್ಟಗಾಯಿತು. ಒಣ ನೆಲದ ಬಡಕಲು ಕುರಿಯ ಕರುಳು ತೆಳ್ಳಗೆ ಗಟ್ಟಿಯಾಗಿರುತ್ತದೆ, ಇಲ್ಲಿ ಯಾರಾದರೂ ಅದನ್ನು ಹೊಸೆಯುವವರು ಸಿಕ್ಕರೆ ವರ್ಷಾನುವರ್ಷ ಅವರಿಂದಲೇ ತರಿಸಿಕೊಳ್ಳುತ್ತೇನೆ ಎಂಬುದು ಅವನ ಯೋಜನೆ. ಅದನ್ನು ಕೇಳಿದ ತಮ್ಮ ಆಗಲೇ ಅಂಗಡಿಯ ಬೋರ್ಡಿನಲ್ಲಿ ಫ್ರಾನ್ಸಿನ ಬಾವುಟ ಬರೆಸುವ ಕನಸು ಕಾಣತೊಡಗಿದ.

ಇಷ್ಟಾಗಿದ್ದರೆ ನಾನು ಸಹಿಸಿಕೊಳ್ಳುತ್ತಿದ್ದೆ. ನನ್ನ ಮೈ ಉರಿಸಿದ್ದು ಅವನ ಏಳು ತಲೆಮಾರು. ತಾನು, ತನ್ನಪ್ಪ, ತನ್ನಜ್ಜ, ಹೀಗೆ ಹಿಂದೆ ಹಿಂದೆ ಹೋಗಿ ಏಳು ತಲೆಮಾರಿನಿಂದ ತಮ್ಮ ಮನೆಯವರೆಲ್ಲ ವಾದ್ಯ ಮಾಡಿದವರೇ ಎಂದು ಅವನು ಲಾಡ್ಜಿನ ಮ್ಯಾನೇಜರನಿಗೆ ಹೇಳಿದ, ಚಹಾದಂಗಡಿಯಲ್ಲಿ ಹೇಳಿದ, ಚರ್ಚಿನಲ್ಲಿ ಪಾಸ್ಟರ್ ಮುಂದೆ ಹೇಳಿದ. ಮರ ನಮ್ಮ ರಕ್ತಕ್ಕೆ ಗೊತ್ತು ಎನ್ನುತ್ತಿದ್ದ. ಪ್ರತಿ ಸಲವೂ ನಾನು ಅದನ್ನು ಕನ್ನಡಕ್ಕೆ ತರಬೇಕು. ಕೊನೆಕೊನೆಗೆ ಅವನು ಬಾಯಿ ತೆರೆಯುವ ಮೊದಲೇ ನಾನು ಹೇಳಿ ಮುಗಿಸಿರುತ್ತಿದ್ದೆ. ಜನ ಮಾತ್ರ ಬೆರಗಾಗಿ ತಲೆದೂಗುತ್ತಿದ್ದರು. ನಮ್ಮ ಕಡೆ ಅದಕ್ಕೊಂದು ಸಿದ್ಧ ಶಬ್ದವಿದೆ. ಖಾಂದಾನಿ. ಹಳೇ ಮನೆತನದವನು, ವಂಶದ ಕಸುಬಿನವನು ಎಂದು. ಆ ಮನುಷ್ಯ ಭಾರಿ ಖಾಂದಾನಿ ಅಂತೆ ಎಂದು ಗಲ್ಲಿಯೆಲ್ಲ ಮಾತಾಯಿತು.

ಅವನು ಅಲ್ಲಿಗೇ ನಿಲ್ಲಿಸುತ್ತಿರಲಿಲ್ಲ. ತಿರುಗಿ ಎದುರಿನವರನ್ನೂ ಕೇಳುತ್ತಿದ್ದ, ನಿಮ್ಮ ಅಜ್ಜ ಏನು ಕೆಲಸ ಮಾಡುತ್ತಿದ್ದರು ಎಂದು. ಅವರ ಊರಿನಲ್ಲಿ ಅದು ಸೌಜನ್ಯದ ಮಾತಿರಬಹುದು. ಇಲ್ಲಿ ಆ ಪ್ರಶ್ನೆ ಯಾಕೆ ಹುಟ್ಟುತ್ತದೆ ಎಂದು ನನಗೆ ಗೊತ್ತು. ಕೆಲಸ ಸಿಕ್ಕ ಹೊಸತರಲ್ಲಿ ಭಾಲ್ಕಿಯಲ್ಲಿ ಬಾಡಿಗೆ ಕೋಣೆ ಹುಡುಕುವಾಗ ಮನೆಯೊಡತಿ ನೀರು ಕೊಟ್ಟು, ಕೂರಿಸಿ, ಸಕ್ಕರೆಯಂಥ ದನಿಯಲ್ಲಿ ಅದನ್ನೇ ಕೇಳಿದ್ದಳು. ನಾನು ಉತ್ತರ ಹೇಳಲು ತಡವರಿಸಿದ್ದೇ ತಡ, ಕೋಣೆ ಆಗಲೇ ಬೇರೆಯವರಿಗೆ ಹೋಗಿಬಿಟ್ಟಿತ್ತು. ಅಂದಿನಿಂದ ನಿವೃತ್ತಿಯವರೆಗೂ ನಾನು ಬೀದರಿನಿಂದ ಭಾಲ್ಕಿಗೆ ರೈಲಿನಲ್ಲೇ ಓಡಾಡಿದೆ.

ಆ ರೈಲು ಹಲಬರ್ಗಾದಲ್ಲಿ ನಿಲ್ಲುತ್ತದೆ. ಅದು ಅಪ್ಪನ ಊರು. ನನ್ನನ್ನು ಕೆಲಸಕ್ಕೆ ಸೇರಿಸಲು ಜೊತೆಗೆ ಬಂದ ದಿನ, ಆ ಊರು ಬಂದು ಹೋಗುವವರೆಗೂ ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಹತ್ತು ವರ್ಷದ ಹುಡುಗನಾಗಿದ್ದಾಗ ಆ ಊರು ಬಿಟ್ಟು ಬೀದರಿನ ಮಿಷನ್ ಬೋರ್ಡಿಂಗಿಗೆ ಬಂದು, ಓದಿ, ಗಣಿತದ ಮಾಸ್ತರರಾದವರು ಅವರು. ತಮ್ಮ ತಂದೆಯ ಬಗ್ಗೆ ಅವರ ಬಾಯಲ್ಲಿ ನಾವು ಒಂದು ಮಾತೂ ಕೇಳಿರಲಿಲ್ಲ. ಅವ್ವ ಬದುಕಿದ್ದಾಗ ತುಂಡು ತುಂಡಾಗಿ ಹೇಳಿದ್ದು ಇಷ್ಟೇ. ಅಜ್ಜ ಊರ ಹೊರಗೆ ಹಳ್ಳದ ದಂಡೆಗೆ ಇದ್ದ, ಸತ್ತ ಪ್ರಾಣಿಯ ಕರುಳು ತೊಳೆದು ಹುರಿ ಹೊಸೆಯುತ್ತಿದ್ದ, ಬೋರ್ಡಿಂಗಿನಲ್ಲಿ ಹುಡುಗರು ಅಪ್ಪನ ಪಕ್ಕ ಮೂಗು ಹಿಡಿದು ಕೂರುತ್ತಿದ್ದರು. ಅಪ್ಪ ಈಗಲೂ ಊಟಕ್ಕೆ ಮುಂಚೆ ಎರಡು ಸಲ ಸೋಪು ಹಚ್ಚಿ ಕೈ ತೊಳೆಯುತ್ತಾರೆ. ನಮ್ಮ ಮನೆಯಲ್ಲಿ ಮಾಂಸ ಬೇಯುತ್ತದೆ, ಕರುಳಿನ ಬೋಟಿ ಬೇಯಿಸುವಂತಿಲ್ಲ. ತಮ್ಮ ಅದನ್ನು ಹೋಟೆಲಿನಲ್ಲಿ ತಿಂದು ಬಾಯಿ ಒರೆಸಿಕೊಂಡು ಬರುತ್ತಾನೆ. ಅಪ್ಪ ಅಷ್ಟು ಕಷ್ಟಪಟ್ಟು ದೂರ ಬಿಟ್ಟು ಬಂದದ್ದು ಮತ್ತೆ ಹೊಸ್ತಿಲು ದಾಟಬಾರದು ಎಂಬುದೊಂದೇ ನಮ್ಮ ಮನೆಯ ಕಾನೂನು.

ಇಂಥ ಮನೆಯಲ್ಲಿ ಕೂತು ಫ್ರೆಂಚಿನವ ನಿಮ್ಮಜ್ಜ ಏನು ಮಾಡುತ್ತಿದ್ದ ಎಂದು ಕೇಳಿದಾಗ ನನ್ನ ತಮ್ಮ ಕಣ್ಣು ಮಿಟುಕಿಸದೆ, ಅಜ್ಜ ಹಳೇ ಪಾದ್ರಿ ಸಾಹೇಬರಿಗೆ ಪಿಟೀಲು ಮಾಡಿಕೊಡುತ್ತಿದ್ದ ಎಂದುಬಿಟ್ಟ. ನಾನು ಅದನ್ನೂ ಅನುವಾದಿಸಿದೆ. ಫ್ರೆಂಚಿನವ ಎದ್ದು ಬಂದು ಅವನನ್ನು ತಬ್ಬಿಕೊಂಡ. ಅಪ್ಪ ಒಳಕೋಣೆಯಿಂದ ಎಲ್ಲ ಕೇಳಿಸಿಕೊಂಡರು.

ಕರುಳಿಗಾಗಿ ನಾವು ಠಾಣಾ ಕುಶನೂರಿನ ಕಡೆ ಹೋದೆವು. ತೊಗರಿ ಹೊಲದ ಬದುವಿನಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಹಿರಿಯ, ಮನೆಯಲ್ಲಿ ಕಾರ್ಯವಿದೆ, ನಾಳೆ ಕುರಿ ಕೊಯ್ಯುತ್ತೇವೆ, ಕರುಳೇ ತಾನೆ, ಒಯ್ಯಿರಿ ಎಂದ. ಮಾರನೆಯ ದಿನ ಅವನು ಬಿಸಿ ಕರುಳನ್ನು ಬಕೀಟಿಗೆ ಹಾಕುವಾಗ ನಮ್ಮ ಏಳು ತಲೆಮಾರಿನವನು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮಾರು ದೂರ ನಿಂತಿದ್ದ.

ಹತ್ತಿರ ಬರುವುದಿಲ್ಲವೇ ಎಂದೆ. ಇಲ್ಲ, ಕರುಳನ್ನು ನಮ್ಮ ಮನೆಯವರು ಯಾರೂ ಮುಟ್ಟಿದವರಲ್ಲ, ನಮ್ಮದು ಮರದ ಕೆಲಸ ಎಂದ. ತಂತಿಯವರೇ ಬೇರೆ. ಹಿಂದಿನ ಕಾಲದಲ್ಲಿ ಅವರ ಮನೆಗಳು ಪಟ್ಟಣದ ಅಂಚಿಗೆ, ನದಿ ಹರಿದು ಹೋಗುವ ಕಡೆಗೆ ಇರುತ್ತಿದ್ದವು, ವಾಸನೆ ನೋಡಿ ಎಂದು ನಕ್ಕ.

ನನಗೆ ನಗು ಬರಲಿಲ್ಲ. ಊರ ಹೊರಗೆ, ನೀರಿನ ಕೆಳದಂಡೆಗೆ. ಅಷ್ಟು ದೂರದ ದೇಶದಿಂದ ಬಂದವನ ಬಾಯಲ್ಲಿ ನನ್ನಜ್ಜನ ವಿಳಾಸ ಕೇಳಿದಂತಾಯಿತು. ಆ ಕ್ಷಣದಿಂದ ಅವನ ಗಿಟಾರಿನ ಮೇಲಿನ ಹೂವು ನನಗೆ ಚೆಂದ ಕಾಣುವುದು ನಿಂತಿತು. ಕುರಿ ಕಾಯುವ ಹಿರಿಯ ಮಾತ್ರ ನನ್ನ ಕಿವಿಯ ಹತ್ತಿರ ಬಂದು ಇವರು ಇದನ್ನು ಹಸಿಯಾಗಿಯೇ ತಿನ್ನುತ್ತಾರೋ ಬೇಯಿಸಿಯೋ ಎಂದು ಕೇಳಿದ. ತಮ್ಮ ಮಧ್ಯೆ ಬಾಯಿ ಹಾಕಿ, ಇದರಿಂದ ಬೇರೊಂದು ವಸ್ತು ತಯಾರಾಗುತ್ತದೆ, ಖಾಂದಾನಿ ವಿದ್ಯೆ, ನಿನಗೆ ತಿಳಿಯುವುದಿಲ್ಲ ಎಂದ.

ಖಾಂದಾನಿ ವಿದ್ಯೆ ನಮ್ಮ ಹಿತ್ತಲಲ್ಲಿ ಶುರುವಾಯಿತು. ತಮ್ಮ ನಲ್ಲಿಯ ಕೆಳಗೆ ಕರುಳು ತೊಳೆದು, ವಿಡಿಯೋ ನೋಡಿ ನೋಡಿ ಹೊಸೆದು, ಬಟ್ಟೆ ಒಣಗಿಸುವ ಹಗ್ಗದ ಮೇಲೆ ನೇತುಹಾಕಿದ. ಗಲ್ಲಿಯ ಕಾಗೆಗಳೆಲ್ಲ ನೆಂಟರಂತೆ ಬಂದು ಕೂತವು. ಎರಡೇ ದಿನದಲ್ಲಿ ಅದು ಕೊಳೆತು, ಹಿಡಿದೆಳೆದರೆ ತುಂಡಾಗತೊಡಗಿತು. ಅಪ್ಪ ಹಿತ್ತಲ ಕಡೆಯ ಕಿಟಕಿ ಮುಚ್ಚಿಸಿದರು. ಊಟದ ತಟ್ಟೆಯನ್ನು ಹಾಗೇ ವಾಪಸು ಕಳಿಸಿದರು. ನಾನು ತಮ್ಮನಿಗೆ ಸರಿಯಾಗಿ ಮಂಗಳಾರತಿ ಎತ್ತಿದೆ. ಅವನು ಎರಡನೆಯ ಬಕೀಟು ತಂದ.

ಆಮೇಲೆ ಬಂತು ಆ ಬ್ಯಾನರು. ಫ್ರಾನ್ಸ್ ದೇಶದ ಖಾಂದಾನಿ ಗಿಟಾರ್ ತಯಾರಕರಿಗೆ ಸುಸ್ವಾಗತ ಎಂದು ಬರೆಸಿ, ಗಡ್ಡದ ಫೋಟೋ ಹಾಕಿಸಿ, ತಮ್ಮ ಅದನ್ನು ಅಂಗಡಿಯ ಮುಂದೆ ಕಟ್ಟಿಸಿದ. ಫ್ರಾನ್ಸ್ ದೇಶದ ಖಾಂದಾನಿ ಎಂಬುದಷ್ಟು ಆಳೆತ್ತರದ ಅಕ್ಷರ. ಗಿಟಾರ್ ಎಂಬ ಶಬ್ದ ವಿದ್ಯುತ್ ಕಂಬದ ಹಿಂದೆ ಅಡಗಿಹೋಗಿತ್ತು. ಆದರೆ ನಮ್ಮ ಕಡೆಯವರು ಖಾಂದಾನಿ ಎಂಬ ಶಬ್ದವನ್ನು ಬೋರ್ಡಿನ ಮೇಲೆ ಓದುವುದು ಒಂದೇ ಜಾಗದಲ್ಲಿ. ರಸ್ತೆ ಬದಿಗೆ ಡೇರೆ ಹಾಕಿ, ಗಾಜಿನ ಬರಣಿಯಲ್ಲಿ ಬೇರು ನಾರು ಜೋಡಿಸಿಟ್ಟು ಕೂತಿರುವ ಖಾಂದಾನಿ ದವಾಖಾನೆಯಲ್ಲಿ. ಮೇಲಾಗಿ ಕುರಿಯ ಕರುಳಿನಿಂದ ಏನೋ ತಯಾರಿಸುತ್ತಾನೆ ಎಂಬ ಸುದ್ದಿ ಔರಾದ ಬಸ್ಸಿನಲ್ಲಿ ಆಗಲೇ ಬೀದರಿಗೆ ಬಂದಿತ್ತು. ಮರುದಿನ ಬೆಳಗ್ಗೆ ಅಂಗಡಿಯ ಮೆಟ್ಟಿಲ ಮೇಲೆ ಮೊಣಕಾಲು ನೋವಿನವರು, ಸೊಂಟ ಹಿಡಿದವರು, ಎಕ್ಸ್‌ರೇ ಹಾಳೆ ಹಿಡಿದುಕೊಂಡವರು ಸಾಲಾಗಿ ಕೂತಿದ್ದರು.

ಫ್ರೆಂಚಿನವ ಬಂದು ನೋಡಿ ಕಣ್ಣೀರು ತುಂಬಿಕೊಂಡ. ಇಷ್ಟು ಜನ ಬಂದಿದ್ದಾರೆ, ನಮ್ಮ ದೇಶದಲ್ಲಿ ಈ ಸಂಗೀತಕ್ಕೆ ಇದರ ಕಾಲು ಭಾಗವೂ ಬರುವುದಿಲ್ಲ ಎಂದ. ಪೆಟ್ಟಿಗೆ ತೆರೆದು ನುಡಿಸಲು ಕೂತ. ಇದೂ ತಪಾಸಣೆಯ ಒಂದು ಭಾಗವಿರಬೇಕು ಎಂದುಕೊಂಡ ಜನ ಉಸಿರು ಬಿಗಿಹಿಡಿದು ಕೇಳಿದರು. ಒಬ್ಬನಂತೂ ಪಂಚೆ ಸರಿಸಿ ಮೊಣಕಾಲನ್ನು ಗಿಟಾರಿನ ಹತ್ತಿರಕ್ಕೆ ಹಿಡಿದ. ಮುಗಿದ ಮೇಲೆ ಅವನೇ ಕಾಲು ಮಡಿಚಿ ಚಾಚಿ ನೋಡಿ, ಹೌದು, ಸ್ವಲ್ಪ ಹಗುರಾಗಿದೆ ಎಂದ. ಏನಂತೆ ಎಂದು ಫ್ರೆಂಚಿನವ ಕೇಳಿದ. ನಿಮ್ಮ ಸಂಗೀತ ಅವನನ್ನು ಮುಟ್ಟಿತಂತೆ ಎಂದೆ.

ಆ ಸಾಲಿನಲ್ಲಿ ಹಲಬರ್ಗಾದಿಂದ ಬಂದ ಒಬ್ಬ ಮುದುಕಿಯಿದ್ದಳು, ಹತ್ತಿ ಹಿಂಜುವ ಮನೆತನದವಳು. ಅವಳ ಕಣ್ಣು ಗಿಟಾರಿನ ಮೇಲಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ ಅಪ್ಪನನ್ನೇ ನೋಡುತ್ತಿದ್ದಳು. ಕೋಲೂರಿಕೊಂಡು ಎದ್ದು ಹತ್ತಿರ ಹೋದಳು.

"ನೀ ಹಳ್ಳದ ದಂಡಿ ತಾಂತಿನವರ ಮಗ ಅಲಾ ತಮ್ಮಾ? ಥೇಟ ನಿಮ್ಮಪ್ಪನ ಮಾರಿ. ನಿಮ್ಮಪ್ಪ ಹೊಸದ ತಾಂತ ನಮ್ಮ ಬಿಲ್ಲಿಗಿ ಕಟ್ಟಿದ್ರ ವರ್ಷಗಟ್ಲೆ ಹರೀತಿದ್ದಿಲ್ಲ ನೋಡು."

ತಾಂತ ಅಂದರೆ ಹತ್ತಿ ಹಿಂಜುವ ಬಿಲ್ಲಿಗೆ ಕಟ್ಟುವ ಕರುಳಿನ ಹುರಿ. ಅಪ್ಪ ಪೇಪರನ್ನು ಮಡಚಿ, ಎದ್ದು ಒಳಗೆ ಹೋದರು. ಆ ಮುದುಕಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅವಳು ಹೊಗಳಲೆಂದೇ ಹೇಳಿದ್ದಳು.

ನನ್ನ ತಮ್ಮನ ಮುಖ ಮೊದಲು ಕಪ್ಪಿಟ್ಟಿತು. ಆಮೇಲೆ ಅದೇ ಮುಖ ಹೇಗೆ ಬೆಳಗತೊಡಗಿತು ಎಂಬುದನ್ನು ಕಣ್ಣಾರೆ ಕಂಡೆ. ಪಾದ್ರಿಯ ಪಿಟೀಲು ಆ ಗಳಿಗೆಯಲ್ಲೇ ಸತ್ತುಹೋಯಿತು. ಅಜ್ಜನ ಹೆಸರು ಎತ್ತಲು ಹೇಸುತ್ತಿದ್ದವನು ಓಡಿ ಬಂದು, ಅಕ್ಕಾ, ಬೇಗ ಹೇಳು ಅವರಿಗೆ, ನಾವೂ ಖಾಂದಾನಿ, ತಂತಿ ಮಾಡುವ ಮನೆಯವರೇ ಎಂದ. ಸಾಹೇಬರಿಗೆ ಬೇಕು ಎಂದ ಕೂಡಲೇ ಅಜ್ಜನ ವಾಸನೆ ಇವನಿಗೆ ಅತ್ತರಾಗಿತ್ತು. ನಾನು ಹೇಳುವುದಿಲ್ಲ ಎಂದೆ. ಅವನು ತನ್ನ ಹರಕು ಇಂಗ್ಲಿಷಿನಲ್ಲಿ ತಾನೇ ಹೇಳಿದ. ಫಾದರ್ಸ್ ಫಾದರ್, ಶೀಪ್, ಸ್ಟ್ರಿಂಗ್ ಎಂದು ಕೈಯಲ್ಲಿ ಹೊಸೆದು ತೋರಿಸಿದ.

ಅಲ್ಲಿಂದ ಮನೆಯಲ್ಲಿ ಅಪ್ಪನಿಗೆ ನೆಮ್ಮದಿಯಿಲ್ಲದಂತಾಯಿತು. ಒಂದೇ ಸಲ ತೋರಿಸು, ಕೈಯಲ್ಲಿ ಮುಟ್ಟುವುದೂ ಬೇಡ, ಕುರ್ಚಿಯಲ್ಲಿ ಕೂತು ಬಾಯಲ್ಲಿ ಹೇಳು ಸಾಕು ಎಂದು ತಮ್ಮ ಹಗಲೆಲ್ಲ ಗೋಗರೆಯುತ್ತಿದ್ದ. ಅಪ್ಪ ಕಲಿಸಿದರೆ ಹಿತ್ತಲಲ್ಲಿ ದೊಡ್ಡ ತೊಟ್ಟಿ ಕಟ್ಟಿಸಿ ಅದನ್ನೇ ಕಸುಬು ಮಾಡಿಕೊಳ್ಳುವುದು ಅವನ ಲೆಕ್ಕ. ಅಂದರೆ ಅಪ್ಪ ಹತ್ತನೇ ವಯಸ್ಸಿನಲ್ಲಿ ಯಾವುದರಿಂದ ಓಡಿಬಂದರೋ ಅದನ್ನು ಅವರ ಮಗನೇ ಅವರ ಕಿಟಕಿಯ ಕೆಳಗೆ ತಂದು ಹೂಡುತ್ತಿದ್ದ. ಅಪ್ಪ ಎದ್ದು ಹೋಗಿ ಕೈ ತೊಳೆದುಕೊಂಡು ಬರುತ್ತಿದ್ದರು. ದಿನಕ್ಕೆ ಎಷ್ಟು ಸಲವೋ. ಅದನ್ನು ನೋಡಿ ನೋಡಿ ನನಗೆ ತಮ್ಮ, ಫ್ರೆಂಚಿನವ ಇಬ್ಬರ ಕೆನ್ನೆಗೂ ಬಾರಿಸಬೇಕೆನಿಸುತ್ತಿತ್ತು.

ಭಾನುವಾರ ಚರ್ಚು ಮುಗಿಸಿ ಬಂದ ಮೇಲೆ ಫ್ರೆಂಚಿನವ ಮನೆಗೆ ಬಂದ. ಅವನು ಹೊರಡುವ ದಿನ ಹತ್ತಿರವಾಗಿತ್ತು. ಅಪ್ಪನ ಕುರ್ಚಿಯ ಮುಂದೆ ಚಾಪೆಯ ಮೇಲೆಯೇ ಕೂತು ದೊಡ್ಡ ಭಾಷಣ ಮಾಡಿದ. ನಾವಿಬ್ಬರೂ ಒಂದೇ, ನಿಮ್ಮ ರಕ್ತದಲ್ಲಿ ತಂತಿಯಿದೆ, ನನ್ನ ರಕ್ತದಲ್ಲಿ ಮರವಿದೆ, ನಿಮ್ಮ ಹಿರಿಯರ ವಿದ್ಯೆ ನಿಮ್ಮೊಂದಿಗೆ ಸಾಯಬಾರದು ಎಂದ. ಕಣ್ಣಲ್ಲಿ ನೀರಿತ್ತು. ನಾನು ಒಂದೂ ಮಾತು ಬಿಡದೆ ಕನ್ನಡಕ್ಕೆ ತಂದೆ. ಮೆತ್ತಗೆ ಮಾಡಲೂ ಇಲ್ಲ, ಖಾರ ಹಚ್ಚಲೂ ಇಲ್ಲ. ಅಪ್ಪ ಪೂರ್ತಿ ಕೇಳಿದರು.

"ಬರ್ತದರಿ ನನಗ. ಕೈ ಮರ್ತಿಲ್ಲ. ಆದ್ರ ಕಲಸಂಗಿಲ್ಲ."

ತಮ್ಮ ತಲೆಯ ಮೇಲೆ ಕೈ ಹೊತ್ತು ಗೋಡೆಗೆ ಒರಗಿದ. ನಾನು ಅಪ್ಪನ ಮಾತನ್ನು ಅಷ್ಟೇ ಚುಟುಕಾಗಿ ಇಂಗ್ಲಿಷಿಗೆ ತಿರುಗಿಸಿದೆ. ಫ್ರೆಂಚಿನವ ತಲೆ ತಗ್ಗಿಸಿದ. ಮುಗಿಯಿತಲ್ಲ ಎಂದು ನಾನು ಎದ್ದೆ. ಅಪ್ಪ ನನ್ನನ್ನು ತಡೆದು ಕೂರಿಸಿದರು. ಅವರಿಗೆ ಏನೋ ಕೇಳಬೇಕಿತ್ತು. ಮಾಸ್ತರಿಕೆಯ ಕಾಲದಲ್ಲಿ, ಹೋಮ್‌ವರ್ಕ್ ಮಾಡದೆ ಬಂದ ಹುಡುಗನನ್ನು ಬೈಯುವ ಮೊದಲು ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ವಿಚಾರಿಸುತ್ತಿದ್ದರಲ್ಲ, ಅದೇ ದನಿ.

"ಏಳು ತಲಿಮಾರು ಇದೇ ಕೆಲಸ ಮಾಡ್ಯಾರ ಅಂತ ಹೇಳ್ತಾರಲ್ಲವ್ವಾ. ಅಷ್ಟ್ರಾಗ ಒಬ್ಬರನ್ನರೆ ಬಿಡಿಸಿ ಸಾಲಿಗಿ ಹಚ್ಚೋರು ಸಿಗಲಿಲ್ಲೇನು ಇವರಿಗಿ? ಕೇಳು."

ಅದನ್ನು ಹೇಳಬೇಡ ಅಕ್ಕಾ ಎಂದು ತಮ್ಮ ಸನ್ನೆ ಮಾಡಿದ. ಅಷ್ಟು ದಿನದಲ್ಲಿ ನಾನು ಅತ್ಯಂತ ಸಂತೋಷದಿಂದ ಮಾಡಿದ ಅನುವಾದ ಅದೊಂದೇ. ಒಂದಕ್ಷರ ಆಚೀಚೆ ಆಗದಂತೆ ಹೇಳಿದೆ. ಅವನ ಗಡ್ಡದ ಮುಖ ಹೇಗಾಗುತ್ತದೆ ನೋಡಬೇಕಿತ್ತು ನನಗೆ.

ಅವನು ಮೊದಲು ನಕ್ಕ. ಅಪ್ಪ ನಗುತ್ತಿಲ್ಲ ಎಂದು ಗೊತ್ತಾಗಿ ನಿಲ್ಲಿಸಿದ. ಅಪ್ಪ ನಿಜಕ್ಕೂ ಮರುಗುತ್ತಿದ್ದರು. ಇಷ್ಟು ತಲೆಮಾರಿನವರೆಗೂ ಬಿಡುಗಡೆ ಸಿಗದ ಒಂದು ಬಡ ಮನೆತನ ಎಂದೇ ಅವರು ಅವನನ್ನು ಬಗೆದಿದ್ದರು. ಅವನು ಚಾಪೆ ನೋಡುತ್ತ ಮಾತಾಡಿದ. ನನಗೆ ಶಾಲೆಯಲ್ಲಿ ಭೂಗೋಳ ಬಹಳ ಇಷ್ಟವಿತ್ತು, ನಕ್ಷೆ ಬಿಡಿಸುವ ಕೆಲಸಕ್ಕೆ ಹೋಗಬೇಕೆಂದಿದ್ದೆ ಎಂದ. ಒಂದು ಸಂಜೆ ಅದನ್ನು ನನ್ನಪ್ಪನಿಗೆ ಹೇಳಿದೆ, ಬೆಳಗ್ಗೆ ಎದ್ದಾಗ ಮೊಳೆಗೆ ತೂಗುಹಾಕಿದ್ದ ನನ್ನ ಪಾಟೀಚೀಲ ಇರಲಿಲ್ಲ, ಅಲ್ಲಿ ಮರಗೆಲಸದ ಏಪ್ರನ್ ಇತ್ತು ಎಂದ. ಈವರೆಗೆ ಇದನ್ನು ಯಾರೂ ಕೇಳಿರಲಿಲ್ಲ ಎಂದೂ ಹೇಳಿದ.

ನಾನು ಎಲ್ಲವನ್ನೂ ಅಪ್ಪನಿಗೆ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯಲ್ಲಿದ್ದ ಕುಚೋದ್ಯ ಎಲ್ಲಿ ಹೋಯಿತೋ ಕಾಣೆ. ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿ ಅವನ ಹೆಗಲ ಮೇಲೆ ಕೈ ಇಟ್ಟರು.

"ಈಗರೆ ಬಿಡ್ರಿ."

ಈ ವಯಸ್ಸಿನಲ್ಲಿ ಬಿಟ್ಟು ಏನು ಮಾಡಲಿ, ನನಗೆ ಬೇರೆ ಏನು ಬರುತ್ತದೆ ಎಂದು ಅವನು ಕೇಳಿದ. ಅದನ್ನೂ ಹೇಳಿದೆ. ಅಪ್ಪನ ಕೈ ಅವನ ಹೆಗಲ ಮೇಲೆಯೇ ಇತ್ತು.

"ನಾ ಬೋರ್ಡಿಂಗಿಂದ ಸೂಟಿಗಿ ಊರಿಗಿ ಹೋದಾಗ, ನೀನೂ ಬಿಟ್ಟು ಬಾ ಅಪ್ಪಾ ಅಂತ ಕಾಲು ಹಿಡದಿದ್ದೆ. ನಮ್ಮಪ್ಪನೂ ಹಿಂಗೇ ಅಂದಿದ್ದ."

ಏನಂದರು ಎಂದು ಫ್ರೆಂಚಿನವ ನನ್ನ ಕಡೆ ನೋಡಿದ. ಅಜ್ಜನ ಮಾತೊಂದನ್ನು ಅಪ್ಪನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಇಂಗ್ಲಿಷಿನಲ್ಲಿ ಹೇಳಲು ಬಾಯಿ ತೆರೆದೆ, ಅಳು ಬಂತು.